ದೊಡ್ಡ ಎಂಸಿಬಿ ಹಾಕಿಸುವ ಮುನ್ನ ಗೋಡೆಯೊಳಗಿನ ವೈರ್ ಯಾವುದೆಂದು ಕೇಳಿ

ವಿದ್ಯುತ್ ಕೆಲಸಕ್ಕೆಂದು ಮನೆಗೆ ಕರೆಯುವವರಲ್ಲಿ ಹೆಚ್ಚಿನವರು ನಾನು ಬೋರ್ಡಿನ ಮುಚ್ಚಳ ತೆಗೆಯುವ ಮೊದಲೇ ಪರಿಹಾರವನ್ನೂ ಹೇಳಿಬಿಡುತ್ತಾರೆ: ‘ಎಂಸಿಬಿ ಪದೇ ಪದೇ ಟ್ರಿಪ್ ಆಗುತ್ತಿದೆ, ಹದಿನಾರರದ್ದು ತೆಗೆದು ಮೂವತ್ತೆರಡರದ್ದು ಹಾಕಿಬಿಡಿ.’ ಎಂಸಿಬಿ ಎಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗಿಯೇ ಬೀಳುವ, ಅಂದರೆ ಟ್ರಿಪ್ ಆಗುವ ಸ್ವಿಚ್; ಹದಿನಾರು, ಮೂವತ್ತೆರಡು ಎಂಬುದು ಆಂಪಿಯರ್ ಲೆಕ್ಕದಲ್ಲಿ ಅದರ ಮಿತಿ. ಕೆಲವರು ಹೊಸ ಎಂಸಿಬಿಯನ್ನು ಅಂಗಡಿಯಿಂದ ತಂದೇ ಇಟ್ಟಿರುತ್ತಾರೆ. ಆಗುವುದಿಲ್ಲ ಎಂದಾಗ ಅವರಿಗಾಗುವ ಬೇಸರ ನನಗೆ ಅರ್ಥವಾಗುತ್ತದೆ. ಅಡುಗೆಯ ನಡುವೆ, ಸ್ನಾನದ ನಡುವೆ ಕರೆಂಟ್ ಹೋಗುವ ಕಿರಿಕಿರಿ ಸಣ್ಣದಲ್ಲ. ಆದರೂ ನನ್ನ ವೃತ್ತಿಯಲ್ಲಿ ತಾಳ್ಮೆಯನ್ನು ಅತಿ ಹೆಚ್ಚು ಪರೀಕ್ಷಿಸಿರುವ ಮಾತು ಇದೊಂದೇ. ಈ ಮಾತಿಗೆ ಒಂದು ಮರುಪ್ರಶ್ನೆಯನ್ನೂ ಹಾಕದೆ ‘ಆಗಲಿ’ ಎನ್ನುವ ಎಲೆಕ್ಟ್ರಿಷಿಯನ್ ಕೈಗೆ ಮನೆಯ ಬೋರ್ಡನ್ನು ಯಾಕೆ ಒಪ್ಪಿಸಬಾರದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿ: ಎಂಸಿಬಿ ಇರುವುದು ಫ್ರಿಜ್ಜನ್ನೋ ಗೀಸರನ್ನೋ ಕಾಯುವುದಕ್ಕೆ ಎಂದು ಜನ ಭಾವಿಸುತ್ತಾರೆ. ಅದು ಕಾಯುವುದು ವೈರನ್ನು, ಅದರಲ್ಲೂ ಯಾರ ಕಣ್ಣಿಗೂ ಬೀಳದೆ ಗೋಡೆಯೊಳಗಿನ ಪೈಪಿನಲ್ಲಿ ಮಲಗಿರುವ ವೈರನ್ನು. ವೈರಿನಲ್ಲಿ ಕರೆಂಟ್ ಹರಿದಾಗ ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ಜೇಮ್ಸ್ ಜೂಲ್ 1841ರಲ್ಲೇ ಪ್ರಕಟಿಸಿದ್ದರು. ಅಂದರೆ ಕರೆಂಟ್ ಎರಡು ಪಟ್ಟಾದರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮನೆಗಳಲ್ಲಿ ಬಳಸುವ ಸಾಮಾನ್ಯ ಪಿವಿಸಿ ಹೊದಿಕೆಯ ವೈರು ಸತತವಾಗಿ ತಾಳಿಕೊಳ್ಳುವ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್. ಆ ಮಿತಿಯೊಳಗೆ ಇರಬೇಕೆಂದರೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು, ಅದನ್ನು ಎಳೆದಿರುವ ರೀತಿಯನ್ನು ಅವಲಂಬಿಸಿ, ಸುಮಾರು 20ರಿಂದ 24 ಆಂಪಿಯರ್ ಹೊರಬಲ್ಲದು. ಒಂದೇ ಪೈಪಿನಲ್ಲಿ ನಾಲ್ಕಾರು ಸರ್ಕ್ಯೂಟುಗಳನ್ನು ತುರುಕಿದ್ದರೆ ಅದಕ್ಕಿಂತಲೂ ಕಡಿಮೆ. ಅದಕ್ಕೆ 16 ಆಂಪಿಯರಿನ ಎಂಸಿಬಿ ಹಾಕಿದವರು ಜಿಪುಣತನದಿಂದ ಹಾಕಿದ್ದಲ್ಲ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. 16 ಎಂದು ಬರೆದಿರುವ ಎಂಸಿಬಿ 16 ಆಂಪಿಯರ್ ದಾಟಿದ ಕ್ಷಣವೇ ಬೀಳುವುದಿಲ್ಲ. ಐಇಸಿ 60898 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಮನೆಬಳಕೆಯ ಎಂಸಿಬಿ ತನ್ನ ಮೇಲೆ ನಮೂದಾದ ಕರೆಂಟಿನ 1.13 ಪಟ್ಟನ್ನು ಒಂದು ಗಂಟೆಯವರೆಗೆ ಬೀಳದೆ ಹೊರಬೇಕು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು. ಈ ಲೆಕ್ಕದಲ್ಲಿ ಹದಿನಾರರ ಎಂಸಿಬಿ 18 ಆಂಪಿಯರನ್ನು ಸಹಿಸಿಕೊಂಡು, 23ರ ಆಸುಪಾಸಿನಲ್ಲಿ ತಡವಾಗಿಯಾದರೂ ಬೀಳುತ್ತದೆ. ವೈರು ಉಳಿಯುತ್ತದೆ. ಅದೇ ವೈರಿಗೆ ಮೂವತ್ತೆರಡರದ್ದನ್ನು ಕೂರಿಸಿದರೆ ಅದು 36 ಆಂಪಿಯರಿಗೂ ಒಂದು ಗಂಟೆ ಸುಮ್ಮನಿರುತ್ತದೆ, 46 ಆಂಪಿಯರ್ ಹರಿದರೂ ಬೀಳಲು ಒಂದು ಗಂಟೆಯವರೆಗೆ ಸಮಯ ತೆಗೆದುಕೊಳ್ಳಬಹುದು. 24 ಆಂಪಿಯರ್ ಹೊರಬಲ್ಲ ವೈರಿನಲ್ಲಿ 36 ಹರಿದರೆ ಶಾಖ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ, ಮತ್ತು ಅದನ್ನು ತಡೆಯುವವರು ಆ ದಾರಿಯಲ್ಲಿ ಯಾರೂ ಇರುವುದಿಲ್ಲ.

ಹಾಗೆ ಹಾಕಿದ ದಿನವೇ ಏನೂ ಆಗುವುದಿಲ್ಲ ಎಂಬುದೇ ಇದರಲ್ಲಿ ಅತ್ಯಂತ ಅಪಾಯಕಾರಿಯಾದ ಭಾಗ. ಟ್ರಿಪ್ ಆಗುವುದು ನಿಲ್ಲುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ, ಹಾಕಿಕೊಟ್ಟವರಿಗೆ ಒಳ್ಳೆಯ ಹೆಸರೂ ಬರುತ್ತದೆ. ಗೋಡೆಯೊಳಗೆ ಮಾತ್ರ ವೈರಿನ ಹೊದಿಕೆ ದಿನದಿನಕ್ಕೆ ಕಾದು, ಗಡುಸಾಗಿ, ಬಾಗುವಲ್ಲಿ ಬಿರುಕು ಬಿಡುತ್ತಾ ಹೋಗುತ್ತದೆ. ಅಂಥ ಪೈಪಿನಿಂದ ವೈರು ಹೊರಗೆಳೆದಾಗ ಹೊದಿಕೆ ಬೆರಳಿನ ನಡುವೆಯೇ ಚೂರುಚೂರಾಗಿ ಉದುರುವುದನ್ನು ನಾನು ಕಂಡಿದ್ದೇನೆ. ಆ ಮನೆಯಲ್ಲಿ ಮಕ್ಕಳು ಮಲಗುತ್ತಿದ್ದದ್ದು ಅದೇ ಗೋಡೆಗೆ ತಾಗಿದ ಮಂಚದಲ್ಲಿ.

ಹಾಗಾದರೆ ಎಂಸಿಬಿ ಬೀಳುವುದೇಕೆ? ಅದರೊಳಗೆ ಎರಡು ವ್ಯವಸ್ಥೆಗಳಿವೆ. ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ ಬಿಸಿಯಾದಂತೆ ನಿಧಾನವಾಗಿ ಬಾಗಿ ಸ್ವಿಚ್ಚನ್ನು ಬಿಡಿಸುತ್ತದೆ. ಒಂದು ಕಾಯಿಲ್, ಕರೆಂಟ್ ಹಲವು ಪಟ್ಟು ಜಿಗಿದಾಗ, ಅಂದರೆ ‘ಬಿ’ ಬಗೆಯದರಲ್ಲಿ 3ರಿಂದ 5 ಪಟ್ಟು, ‘ಸಿ’ ಬಗೆಯದರಲ್ಲಿ 5ರಿಂದ 10 ಪಟ್ಟು ಆದಾಗ, ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳಿಸುತ್ತದೆ. ಆದ್ದರಿಂದ ಹಾಕಿದ ಕೂಡಲೇ ಬೀಳುತ್ತದೆಯೋ, ಇಪ್ಪತ್ತು ನಿಮಿಷ ನಿಂತು ಬೀಳುತ್ತದೆಯೋ ಎಂಬ ಒಂದೇ ಮಾಹಿತಿಯಿಂದ ಅರ್ಧ ಹುಡುಕಾಟ ಮುಗಿಯುತ್ತದೆ. ತಕ್ಷಣ ಬಿದ್ದರೆ ಬಹುತೇಕ ಶಾರ್ಟ್, ಅಥವಾ ಒಳಗೆ ಕೆಟ್ಟಿರುವ ಉಪಕರಣ. ತಡವಾಗಿ ಬಿದ್ದರೆ ಲೋಡ್ ಹೆಚ್ಚಾಗಿದೆ: 230 ವೋಲ್ಟಿನಲ್ಲಿ 16 ಆಂಪಿಯರ್ ಎಂದರೆ 3680 ವ್ಯಾಟ್, 2500 ವ್ಯಾಟಿನ ಎರಡು ಉಪಕರಣಗಳು ಒಟ್ಟಿಗೆ ನಡೆದರೆ ಮಿತಿ ದಾಟಿತು. ಲೋಡ್ ಕಡಿಮೆಯಿದ್ದೂ ತಡವಾಗಿ ಬಿದ್ದರೆ ಎಂಸಿಬಿಯ ಸ್ಕ್ರೂ ಸಡಿಲವಾಗಿ, ಅಲ್ಲಿ ಹುಟ್ಟಿದ ಶಾಖ ಆ ಪಟ್ಟಿಯನ್ನು ಬಾಗಿಸುತ್ತಿರಬಹುದು. ದೊಡ್ಡ ಎಂಸಿಬಿ ಹಾಕಿ, ಸ್ಕ್ರೂವನ್ನು ಮತ್ತೆ ಅರೆಬರೆ ಬಿಗಿದರೆ ಆ ಶಾಖ ಹಾಗೆಯೇ ಮುಂದುವರಿಯುತ್ತದೆ, ಎಚ್ಚರಿಕೆ ಕೊಡುವುದು ಮಾತ್ರ ನಿಂತುಹೋಗುತ್ತದೆ.

ಹಿರಿಯ ಮಹಿಳೆಯೊಬ್ಬರು ಕರೆಂಟ್ ಹೋದಾಗಲೆಲ್ಲ ಕ್ಯಾಲೆಂಡರಿನಲ್ಲಿ ಗಂಟೆಯನ್ನೂ ಆಗ ನಡೆಯುತ್ತಿದ್ದ ಉಪಕರಣಗಳನ್ನೂ ಗುರುತು ಹಾಕಿಟ್ಟಿದ್ದರು. ಅವರಲ್ಲಿ ಬೀಳುತ್ತಿದ್ದದ್ದು ಎಂಸಿಬಿ ಅಲ್ಲ, ಪಕ್ಕದ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದಾಗ ಬೀಳುವ ಸ್ವಿಚ್, ಅದೂ ಮಳೆ ಬಂದ ದಿನಗಳಲ್ಲಿ ಮಾತ್ರ. ಹೊರಗಿನ ದೀಪದ ಹೋಲ್ಡರಿನೊಳಗೆ ನೀರು ಇಳಿಯುತ್ತಿತ್ತು. ಇಂಥ ಗ್ರಾಹಕರನ್ನು ಕಂಡರೆ ನನಗೆ ನಿಜವಾಗಿ ಗೌರವ. ಅವರಿಗೆ ಮೊದಲು ಯಾರೋ ಆರ್‌ಸಿಸಿಬಿಯನ್ನೇ ತೆಗೆದು ನೇರ ಸಂಪರ್ಕ ಕೊಡುವ ಸಲಹೆ ನೀಡಿದ್ದರಂತೆ. ಮನೆಗಳಿಗೆ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುತ್ತದೆ, ಏಕೆಂದರೆ ಅದು ಮನುಷ್ಯರನ್ನು ಕಾಯುವುದಕ್ಕಾಗಿ ಇರುವುದು. ಪ್ರಾಣ ತೆಗೆಯಬಲ್ಲ ಆ ಕರೆಂಟು ಹದಿನಾರರ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಒಂದಿದೆ ಎಂದು ಇನ್ನೊಂದನ್ನು ಬಿಡುವಂತಿಲ್ಲ.

ಎಂಸಿಬಿಯನ್ನು ಎಂದೂ ದೊಡ್ಡದು ಮಾಡಲೇಬಾರದು ಎಂದು ನಾನು ಹೇಳುತ್ತಿಲ್ಲ. ವೈರು ಆರಂಭದಿಂದ ಕೊನೆಯ ಸಾಕೆಟ್‌ವರೆಗೂ ಅಷ್ಟು ದಪ್ಪವಿದ್ದರೆ, ಸಾಕೆಟ್ಟೂ ಅಷ್ಟನ್ನು ಹೊರುವಂತಿದ್ದರೆ, ಪರೀಕ್ಷೆಯ ನಂತರ ಮಾಡಬಹುದು. ‘ಕೊನೆಯವರೆಗೂ’ ಎಂಬುದನ್ನು ಒತ್ತಿ ಹೇಳುತ್ತೇನೆ. ಒಂದು ಮನೆಯ ಬೋರ್ಡಿನಲ್ಲಿ 4 ಚದರ ಮಿಲಿಮೀಟರಿನ ಒಳ್ಳೆಯ ವೈರು ಕಾಣುತ್ತಿತ್ತು. ಮೊದಲ ಜಂಕ್ಷನ್ ಪೆಟ್ಟಿಗೆ ಬಿಚ್ಚಿದರೆ ಅಲ್ಲಿಂದ ಮುಂದೆ 1.5ರ ದೀಪದ ವೈರನ್ನು ಸೇರಿಸಿ ಸುತ್ತಿದ್ದರು. ಬೋರ್ಡಿನಲ್ಲಿ ಕಂಡದ್ದನ್ನಷ್ಟೇ ನಂಬಿದ್ದರೆ ಆ ಮನೆಗೆ ದೊಡ್ಡ ಎಂಸಿಬಿ ಹಾಕಬಹುದು ಎಂದೇ ಅನಿಸುತ್ತಿತ್ತು.

ಎಲೆಕ್ಟ್ರಿಷಿಯನ್ ಅವರನ್ನು ಆರಿಸುವಾಗ ಪರವಾನಗಿ ಕೇಳಬೇಕೆಂಬುದು ಎಲ್ಲರಿಗೂ ತಿಳಿದಿದೆ. ಅದಾದ ಮೇಲೆ ಅವರು ಕೆಲಸ ಶುರು ಮಾಡುವ ಕ್ರಮವನ್ನು ನೋಡಿ. ಯಾವಾಗ ಬೀಳುತ್ತದೆ, ಆಗ ಏನೇನು ನಡೆಯುತ್ತಿತ್ತು ಎಂದು ಕೇಳುತ್ತಾರೆಯೇ? ಮೇನ್ ತೆಗೆದ ಮೇಲೂ ಮೀಟರ್ ಹಿಡಿದು ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡೇ ಕೈಯಿಡುತ್ತಾರೆಯೇ? ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ಲೋಡ್ ಅಳೆಯುತ್ತಾರೆಯೇ? ಇಷ್ಟು ಮಾಡುವವರಿಗೆ ಒಂದು ಗಂಟೆ ಹಿಡಿಯುತ್ತದೆ, ಮತ್ತು ಕೊನೆಗೆ ಅವರು ಒಂದು ಸ್ಕ್ರೂ ಬಿಗಿದು, ‘ಇವೆರಡನ್ನು ಒಟ್ಟಿಗೆ ಹಾಕಬೇಡಿ’ ಎಂದಷ್ಟೇ ಹೇಳಿ ಹೊರಡಬಹುದು. ಆಗ ‘ಏನೂ ಬದಲಾಯಿಸಲಿಲ್ಲವಲ್ಲ, ಯಾತಕ್ಕೆ ದುಡ್ಡು?’ ಎಂಬ ಮಾತು ಬರುತ್ತದೆ. ಹೊಸ ಎಂಸಿಬಿ ಹಾಕಿ ಹತ್ತು ನಿಮಿಷದಲ್ಲಿ ಹೊರಟವರಿಗೆ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ವಸ್ತುವಿಗೆ ಹಣ ಕೊಟ್ಟು ಹುಡುಕಾಟಕ್ಕೆ ಕೊಡದಿದ್ದರೆ, ಹುಡುಕುವ ಅಭ್ಯಾಸವಿದ್ದವರೂ ಕ್ರಮೇಣ ಅದನ್ನು ಬಿಡುತ್ತಾರೆ. ಹೀಗೆ ಬಿಟ್ಟ ಒಳ್ಳೆಯ ಕೆಲಸಗಾರರನ್ನು ನಾನು ಬಲ್ಲೆ.

ದೋಷ ಪತ್ತೆಗೆ ಬೇರೆಯಾಗಿ ಎಷ್ಟು ಎಂದು ಕೆಲಸಕ್ಕೆ ಮೊದಲೇ ಮಾತಾಡಿಕೊಳ್ಳಿ. ಮುಗಿದ ಮೇಲೆ, ಪ್ರತಿ ಎಂಸಿಬಿ ಯಾವ ಕೋಣೆಯದು, ಅದರ ಹಿಂದಿರುವ ವೈರು ಎಷ್ಟು ದಪ್ಪದ್ದು ಎಂಬುದನ್ನು ಒಂದು ಕಾಗದದಲ್ಲಿ ಬರೆಸಿ ಬೋರ್ಡಿನ ಬಾಗಿಲಿನ ಒಳಬದಿಗೆ ಅಂಟಿಸಿಕೊಳ್ಳಿ. ಮುಂದೆ ಬರುವವರು ಬೇರೆಯವರೇ ಆಗಿದ್ದರೂ ಮೊದಲು ಅದನ್ನು ಓದುವಂತೆ ಹೇಳಿ.