ನೀರಿಗೆ ಇಳಿಯುವ ದಾರಿ: ಜಲತೀರ ಯೋಜನೆಯ ಒಂದು ಟಿಪ್ಪಣಿ

ನದಿ, ಕಡಲ ದಂಡೆಗಳನ್ನು ರೂಪಿಸುವ ಪಾಠವಾದ ಜಲತೀರ ಯೋಜನೆಯ ಮೊದಲ ಅಭ್ಯಾಸದಲ್ಲಿ ನಾನು ನದಿಯ ಪಕ್ಕದಲ್ಲೇ ಹಸಿರು ಪೆನ್ಸಿಲಿನಿಂದ ಎರಡು ಕಿಲೋಮೀಟರ್ ಉದ್ದದ ಗೆರೆ ಎಳೆದು, 'ಸಾರ್ವಜನಿಕ ನಡಿಗೆ ಪಥ' ಎಂದು ಬರೆದು ಕೊಟ್ಟಿದ್ದೆ. ಅಧ್ಯಾಪಕರು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಬರುವುದು ಎಲ್ಲಿಂದ?" ನಕ್ಷೆ ನೋಡಿದೆ. ಎರಡು ತುದಿಗಳನ್ನು ಬಿಟ್ಟರೆ ಎಲ್ಲೂ ರಸ್ತೆ ತಾಗುತ್ತಿರಲಿಲ್ಲ. ನಡುವೆ ಇದ್ದದ್ದು ಗೋದಾಮುಗಳ ಹಿಂಗೋಡೆ, ರೈಲು ಹಳಿ, ಒಂದು ವಸತಿ ಸಮುಚ್ಚಯದ ಕಾಂಪೌಂಡ್. ಮಧ್ಯಭಾಗದ ಮನೆಗಳಿಗೆ ನೀರು ನೂರು ಮೀಟರ್ ದೂರ. ಆದರೆ ನನ್ನ ಪಥದ ಮೇಲೆ ಕಾಲಿಡಲು ಒಂದು ಕಿಲೋಮೀಟರ್ ಸುತ್ತಬೇಕು.

ಇಲ್ಲಿಂದಲೇ ವಿಷಯ ಶುರು. ದಂಡೆಯ ಗುಂಟ ಸಾಗುವ ದಾರಿ ಒಂದು, ರಸ್ತೆಯಿಂದ ದಂಡೆಗೆ ಇಳಿಯುವ ದಾರಿ ಇನ್ನೊಂದು. ಮೊದಲನೆಯದು ಚಿತ್ರದಲ್ಲಿ ಚೆಂದ ಕಾಣುತ್ತದೆ, ಉದ್ಘಾಟನೆಗೂ ಒದಗುತ್ತದೆ. ಎರಡನೆಯದು ಯಾರದ್ದೋ ಎರಡು ಗೋಡೆಗಳ ನಡುವಿನ ಓಣಿ. ಯೋಜಕನ ಬಹುಪಾಲು ಶ್ರಮ ಹೋಗುವುದು ಅಲ್ಲಿಗೇ. ಫ್ರಾನ್ಸಿನ ಕಾನೂನೂ ಇದೇ ಕ್ರಮದಲ್ಲಿ ಬೆಳೆಯಿತು. 1976ರ ಕಾನೂನು ಕಡಲತೀರದ ಖಾಸಗಿ ಜಮೀನಿನ ಅಂಚಿನಲ್ಲಿ ಪಾದಚಾರಿಗಳಿಗೆ 3 ಮೀಟರ್ ಅಗಲದ ದಾರಿಯ ಹಕ್ಕು ಕೊಟ್ಟಿತು. ಹತ್ತಿರದಲ್ಲಿ ಸಾರ್ವಜನಿಕ ರಸ್ತೆ ಇಲ್ಲದ ಕಡೆ, ಈಗಾಗಲೇ ಇರುವ ಖಾಸಗಿ ದಾರಿಗಳ ಮೂಲಕ ಜನರನ್ನು ತೀರಕ್ಕೆ ಬಿಡುವ ಅವಕಾಶ ಸೇರಿದ್ದು 1986ರಲ್ಲಿ. ಅಧ್ಯಾಪಕರ ಪ್ರಶ್ನೆ ಅಲ್ಲಿಯೂ ಹತ್ತು ವರ್ಷ ತಡವಾಗಿಯೇ ಬಂತು ಎಂದು ನಾನು ಸಮಾಧಾನ ಪಟ್ಟುಕೊಂಡೆ.

ಮುಂದಿನ ಪ್ರಶ್ನೆ ಒಡೆತನದ್ದು. ಗಾಳಿ, ಹರಿಯುವ ನೀರು, ಸಮುದ್ರ, ಅದರ ತೀರ ಎಲ್ಲರಿಗೂ ಸೇರಿದವು ಎಂದು ರೋಮನ್ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ 533ರ ಕಾನೂನು ಗ್ರಂಥ ಹೇಳಿತ್ತು. ಸರ್ಕಾರ ಇವುಗಳ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಎಂಬ ಸಾರ್ವಜನಿಕ ನ್ಯಾಸ ತತ್ವದ ಬೇರು ಅಲ್ಲಿದೆ. ಇಲಿನಾಯ್ ರಾಜ್ಯ 1869ರಲ್ಲಿ ಶಿಕಾಗೊ ಎದುರಿನ ಸರೋವರದ ತಳವನ್ನು, ಸಾವಿರ ಎಕರೆಗೂ ಹೆಚ್ಚು, ಒಂದು ರೈಲ್ವೆ ಕಂಪನಿಗೆ ಬರೆದುಕೊಟ್ಟು 1873ರಲ್ಲಿ ಹಿಂತೆಗೆದುಕೊಂಡಿತು. ಹಿಂತೆಗೆದುಕೊಂಡದ್ದು ಸರಿ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1892ರಲ್ಲಿ ಎತ್ತಿಹಿಡಿಯಿತು. ಬಿಯಾಸ್ ನದಿಯ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ ಕೂಡ ಈ ತತ್ವವನ್ನು ಒಪ್ಪಿಕೊಂಡಿದೆ.

ತತ್ವ ಒಂದೇ ಆದರೂ ಗೆರೆ ಬೀಳುವ ಜಾಗ ಊರಿಗೊಂದು. ಮ್ಯಾಸಚೂಸೆಟ್ಸ್‌ನಲ್ಲಿ 1640ರ ದಶಕದ ವಸಾಹತು ಶಾಸನದಿಂದಾಗಿ ಖಾಸಗಿ ಒಡೆತನ ಇಳಿತದ ಗೆರೆಯವರೆಗೂ ಚಾಚಿದೆ. ಭರತದ ಗೆರೆಗೂ ಇಳಿತದ ಗೆರೆಗೂ ನಡುವಿನ ಜಾಗದಲ್ಲಿ ಸಾರ್ವಜನಿಕರಿಗೆ ಉಳಿದದ್ದು ಮೀನುಗಾರಿಕೆ, ಹಕ್ಕಿ ಬೇಟೆ, ನೌಕಾಯಾನ. ಸುಮ್ಮನೆ ಅಡ್ಡಾಡುವುದು ಆ ಪಟ್ಟಿಯಲ್ಲಿಲ್ಲ. ಆರೆಗನ್‌ನಲ್ಲಿ 1967ರ ಕಾನೂನಿನಿಂದಾಗಿ ಸಸ್ಯ ಬೆಳೆಯುವ ಗೆರೆಯವರೆಗಿನ ಒಣ ಮರಳೂ ಜನರ ಬಳಕೆಗೆ ತೆರೆದಿದೆ. ಆದ್ದರಿಂದ ನಕ್ಷೆಗೆ ಬಣ್ಣ ಹಚ್ಚುವ ಮೊದಲು ಆ ಊರಿನಲ್ಲಿ 'ತೀರ' ಎಂದರೆ ಯಾವ ಗೆರೆ ಎಂದು ಕೇಳಿಕೊಳ್ಳಿ.

ತೀರ ಸಾರ್ವಜನಿಕವಾದರೂ ಓಣಿ ಖಾಸಗಿಯದು. ಅದನ್ನು ಪಡೆಯಲು ಯೋಜಕನ ಕೈಯಲ್ಲಿರುವ ಮುಖ್ಯ ಸಾಧನ ಕಟ್ಟಡ ಪರವಾನಗಿಯ ಷರತ್ತು: ಕಟ್ಟಿಕೊಳ್ಳಿ, ದಾರಿ ಬಿಟ್ಟುಕೊಡಿ. ಪರೀಕ್ಷೆಯಲ್ಲಿ ನಾವೆಲ್ಲ ಎಡವುವ, ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಇಲ್ಲಿ ಬರುತ್ತವೆ. ಮೊದಲನೆಯದು 1987ರ ನೋಲನ್ ಪ್ರಕರಣ. ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ಸಣ್ಣ ಮನೆ ಕೆಡವಿ ದೊಡ್ಡದು ಕಟ್ಟಲು ಹೊರಟವರಿಗೆ, ಮನೆಯ ಹಿಂದಿನ ಮರಳಿನಲ್ಲಿ ಜನ ದಾಟಿಹೋಗಲು ಬಿಡಿ ಎಂದು ಕರಾವಳಿ ಆಯೋಗ ಷರತ್ತು ಹಾಕಿತು. ಕೊಟ್ಟ ಕಾರಣ: ದೊಡ್ಡ ಮನೆ ರಸ್ತೆಯಿಂದ ಕಾಣುವ ಸಮುದ್ರವನ್ನು ಮರೆಮಾಡುತ್ತದೆ. ಕೋರ್ಟ್ ಒಪ್ಪಲಿಲ್ಲ. ತೊಂದರೆ ಮನೆಯ ಮುಂದಿನ ರಸ್ತೆಯಲ್ಲಿ ನಿಂತವನ ಕಣ್ಣಿಗೆ. ಪರಿಹಾರ ಮನೆಯ ಹಿಂದೆ ಈಗಾಗಲೇ ಮರಳಿನ ಮೇಲಿರುವವನ ಕಾಲಿಗೆ. ಎರಡಕ್ಕೂ ನಂಟಿಲ್ಲ. ಅದೇ ಜಾಗದಲ್ಲಿ ನಿಂತು ಸಮುದ್ರ ನೋಡಲು ಒಂದು ತಾಣ ಕೇಳಿದ್ದರೆ ಷರತ್ತು ನಿಲ್ಲುತ್ತಿತ್ತು ಎಂದು ತೀರ್ಪಿನಲ್ಲೇ ಹೇಳಿದೆ. ನನಗೆ ಈ ಪ್ರಕರಣ ಪೂರ್ತಿ ಅರ್ಥವಾದದ್ದು ಆ ಒಂದು ಮಾತಿನಿಂದ.

ಎರಡನೆಯದು 1994ರ ಡೋಲನ್. ಟಿಗಾರ್ಡ್ ಎಂಬ ಊರು ಅಂಗಡಿ ವಿಸ್ತರಣೆಗೆ ಬದಲಾಗಿ ತೊರೆಯ ಪಕ್ಕದಲ್ಲಿ ಸೈಕಲ್ ಪಥಕ್ಕೆ ಜಾಗ ಕೇಳಿತು. ಅಂಗಡಿ ದೊಡ್ಡದಾದರೆ ಹೆಚ್ಚುವ ವಾಹನ ಸಂಚಾರಕ್ಕೂ ಸೈಕಲ್ ಪಥಕ್ಕೂ ನಂಟಿದೆ, ನಿಜ. ಆದರೆ ಪಥದಿಂದ ಸಂಚಾರ ಕಡಿಮೆಯಾದೀತು ಎಂದರೆ ಸಾಲದು, ಅಂಗಡಿಯಿಂದಾಗುವ ಹೊರೆಗೂ ಕೇಳುವ ಜಾಗಕ್ಕೂ ಸುಮಾರಾಗಿ ಹೊಂದಿಕೆಯಾಗುತ್ತದೆ ಎಂದು ಊರೇ ತೋರಿಸಬೇಕು ಎಂದಿತು ಕೋರ್ಟ್. ನೋಲನ್ ಕೇಳುವುದು ನಂಟನ್ನು, ಡೋಲನ್ ಕೇಳುವುದು ಅಳತೆಯನ್ನು. ಇವು ಅಮೆರಿಕದ ತೀರ್ಪುಗಳು, ಬೇರೆ ದೇಶಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಷರತ್ತು ಬರೆಯಲು ಕುಳಿತವರು ಈ ಎರಡು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಂಡರೆ ಕಡತ ಗಟ್ಟಿಯಾಗುತ್ತದೆ.

ಈಗ ಓಣಿ ಸಿಕ್ಕಿತು ಎಂದುಕೊಳ್ಳೋಣ. ರಸ್ತೆಯಿಂದ ನೀರಿಗೆ 100 ಮೀಟರ್, ಅಗಲ 3 ಮೀಟರ್. ತುದಿಯಲ್ಲಿ ನೀರಿನ ಅಂಚು 3 ಮೀಟರ್ ಕೆಳಗಿದೆ. ಮೆಟ್ಟಿಲು ಹಾಕಿದರೆ ಗಾಲಿಕುರ್ಚಿ ಮೇಲೆಯೇ ನಿಲ್ಲುತ್ತದೆ. ರ‍್ಯಾಂಪ್ ಹಾಕಿದರೆ? 1:12ರ ಇಳಿಜಾರಿನಲ್ಲಿ 3 ಮೀಟರ್ ಇಳಿಯಲು 36 ಮೀಟರ್ ಬೇಕು. ಒಂದೇ ಏಟಿಗೆ 760 ಮಿಲಿಮೀಟರಿಗಿಂತ ಹೆಚ್ಚು ಇಳಿಸಬಾರದು ಎಂಬ ಅಮೆರಿಕದ ಮಾನದಂಡ ಹಿಡಿದರೆ 9 ಮೀಟರಿನ ನಾಲ್ಕು ತುಂಡುಗಳು. ನಡುವೆ ಮೂರು, ಎರಡು ತುದಿಗಳಲ್ಲಿ ಎರಡು, ಒಟ್ಟು ಐದು ಸಮತಟ್ಟು ಜಾಗಗಳು, ತಲಾ ಒಂದೂವರೆ ಮೀಟರ್. ಎಲ್ಲ ಕೂಡಿ 43.5 ಮೀಟರ್. ದಂಡೆಗೆ ಬಂದ ಮೇಲೆ ಇದನ್ನು ನೆನಪಿಸಿಕೊಂಡರೆ ನಾಲ್ಕು ಮಡಿಕೆ ಮಡಚಬೇಕು. ಆಗ 12 ಮೀಟರ್ ಉದ್ದ, ಒಂದೊಂದು ಮಡಿಕೆಗೆ ಒಂದೂವರೆ ಮೀಟರ್ ಹಿಡಿದರೆ 6 ಮೀಟರ್ ಅಗಲ. ನಮ್ಮ ಓಣಿಯ ಕರಾರಿನಲ್ಲಿರುವುದು ಮೂರೇ ಮೀಟರ್.

ಅದರ ಬದಲು ರಸ್ತೆಯಿಂದಲೇ ನೆಲವನ್ನು ನಿಧಾನವಾಗಿ ತಗ್ಗಿಸುತ್ತ ಬಂದರೆ 100 ಮೀಟರಿಗೆ 3 ಮೀಟರ್, ಅಂದರೆ ಸುಮಾರು 1:33. ಅದೇ ಮಾನದಂಡದ ಪ್ರಕಾರ 1:20ಕ್ಕಿಂತ ಸಪಾಟಾದ ದಾರಿ ರ‍್ಯಾಂಪೇ ಅಲ್ಲ. ಕೈಹಿಡಿಯ ಕಂಬಿಯೂ ಬೇಕಿಲ್ಲ. ತೊಡಕೂ ಇದೆ: ಅಲ್ಲಿ ಪ್ರವಾಹದ ತಡೆಗೋಡೆ ಇದ್ದರೆ ಅದನ್ನು ಕತ್ತರಿಸಿ, ನೆರೆ ಬಂದಾಗ ಮುಚ್ಚುವ ಗೇಟು ಕೂರಿಸಬೇಕು. ಎಂಜಿನಿಯರು ಬೇಡ ಎನ್ನುತ್ತಾರೆ. ಆ ಚರ್ಚೆಗೆ ಕರಾರು ಬರೆಯುವ ಮೊದಲೇ ಕುಳಿತುಕೊಳ್ಳಬೇಕು, ಆಮೇಲಲ್ಲ.

ಇನ್ನುಳಿದವನ್ನು ಚುಟುಕಾಗಿ ಹೇಳುತ್ತೇನೆ. ಸರಕು ಇಳಿಸುವ ಧಕ್ಕೆಗೆ, ಹಕ್ಕಿ ಗೂಡು ಕಟ್ಟುವ ಜೌಗಿಗೆ ಜನರನ್ನು ನುಗ್ಗಿಸುವುದು ಬೇಡ. ಅಲ್ಲಿ ದೂರದಿಂದ ನೋಡುವ ಜಾಗ ಸಾಕು. ರಸ್ತೆಯ ಕೊನೆಯಲ್ಲಿ ನೀರು ಕಾಣುವಂತೆ ಬಿಡುವುದೂ ಪ್ರವೇಶದ ಒಂದು ಭಾಗವೇ. ಕಾಣದ ನೀರನ್ನು ಹುಡುಕಿಕೊಂಡು ಹೊಸಬರು ಓಣಿಗೆ ನುಗ್ಗುವುದಿಲ್ಲ.

ಕಡೆಯದು ಕಡತದ ಮಾತು. ಕ್ಯಾಲಿಫೋರ್ನಿಯಾದಲ್ಲಿ ಮನೆಯೊಡೆಯ ದಾರಿ ಬಿಡುತ್ತೇನೆ ಎಂದು ಬರೆದುಕೊಟ್ಟರೆ ಅಷ್ಟಕ್ಕೇ ದಾರಿ ತೆರೆಯುವುದಿಲ್ಲ. ಯಾವುದಾದರೂ ಸಂಸ್ಥೆ ಅದನ್ನು ಸ್ವೀಕರಿಸಿ, ಕಸ ಗುಡಿಸುವ, ಬೀಗ ತೆಗೆಯುವ, ಯಾರಾದರೂ ಜಾರಿ ಬಿದ್ದರೆ ಉತ್ತರ ಹೇಳುವ ಹೊಣೆ ಹೊರಬೇಕು. ಇಂಥ ಪತ್ರಗಳ ಆಯುಸ್ಸು ಸಾಮಾನ್ಯವಾಗಿ 21 ವರ್ಷ; ಅಷ್ಟರೊಳಗೆ ಯಾರೂ ಕೈಚಾಚದಿದ್ದರೆ ಪತ್ರ ಸತ್ತಂತೆ. ಮಾಲಿಬುವಿನ ಕಾರ್ಬನ್ ಬೀಚಿನಲ್ಲಿ 1983ರಲ್ಲಿ ಬರೆದುಕೊಟ್ಟ ಒಂದು ಓಣಿ, ಕೋರ್ಟಿನ ಜಗ್ಗಾಟ ಮುಗಿದು ಜನರಿಗೆ ತೆರೆದದ್ದು 2005ರಲ್ಲಿ. ಅಷ್ಟೂ ವರ್ಷ ನಕ್ಷೆ ನೋಡಿದವರಿಗೆ ಅಲ್ಲಿ ದಾರಿ ಇತ್ತು. ರಸ್ತೆಯಲ್ಲಿ ನಿಂತವರಿಗೆ ಮುಚ್ಚಿದ ಗೇಟು.