ಸಡಿಲ ಬಿಟ್ಟರೆ ಮಾತ್ರ ಬಿಡಿಸಿಕೊಳ್ಳುವ ಕೈ

ಅಕ್ಕನ ಮಗಳು ಬಳ್ಳಾರಿಯ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿ ಓದುತ್ತಾಳೆ. ಮೂರು ತಿಂಗಳ ಕರಾಟೆ ತರಬೇತಿ ಮುಗಿಸಿದವಳು ಒಂದು ಭಾನುವಾರ ಅಂಗಳದಲ್ಲಿ ನನ್ನೆದುರು ಮುಂಗೈ ಚಾಚಿ "ಹಿಡಿಯಿರಿ" ಎಂದಳು. ಹಿಡಿದೆ. ಕೈ ತಿರುಚಿ ಎಳೆದಳು, ಬರಲಿಲ್ಲ. ಇನ್ನೊಮ್ಮೆ ಎಳೆದಳು. ನಾನೇನೂ ಬಲ ಹಾಕಿರಲಿಲ್ಲ, ತುಂಬಿದ ಕೊಡ ಹಿಡಿದಷ್ಟು ಹಿಡಿದಿದ್ದೆ. "ಮಾಮ, ನೀವು ಸ್ವಲ್ಪ ಸಡಿಲ ಬಿಡಬೇಕು. ಕ್ಲಾಸಿನಲ್ಲಿ ಹಾಗೇ ಮಾಡುತ್ತೇವೆ" ಎಂದು ಮುಖ ಸಣ್ಣದು ಮಾಡಿದಳು.

ತಪ್ಪು ಹುಡುಗಿಯದಲ್ಲ. ಕಲಿಸಿದವರದೂ ಪೂರ್ತಿ ಅಲ್ಲ. ಸಾಲಾಗಿ ನಿಂತು "ಇಚಿ, ನಿ, ಸಾನ್" ಎಂದು ಎಣಿಸುತ್ತ ಗಾಳಿಗೆ ಗುದ್ದುವ ಈ ಕ್ರಮವನ್ನು ನಾವು 'ಸಾಂಪ್ರದಾಯಿಕ ಕರಾಟೆ' ಎನ್ನುತ್ತೇವೆ. ಆ ಸಂಪ್ರದಾಯಕ್ಕೆ ಹೆಚ್ಚೆಂದರೆ ಸವಾ ನೂರು ವರ್ಷ.

ಕರಾಟೆ ಬೆಳೆದದ್ದು ಜಪಾನಿನ ದಕ್ಷಿಣ ತುದಿಯ ಓಕಿನಾವಾದಲ್ಲಿ. ಬಹುಕಾಲ ಅದು ಮನೆಯಂಗಳದ ವಿದ್ಯೆ. ಒಬ್ಬ ಗುರು, ಬೆರಳೆಣಿಕೆಯ ಶಿಷ್ಯರು. 1901ರಲ್ಲಿ ಇತೊಸು ಆಂಕೊ ಎಂಬ ಹಿರಿಯರು ಅದನ್ನು ಶಾಲೆಗೆ ತಂದರು. 1908ರಲ್ಲಿ ಅವರು ಬರೆದ ಹತ್ತು ಅಂಶಗಳ ಪತ್ರವೊಂದಿದೆ. ಈ ವಿದ್ಯೆ ಒಬ್ಬ ಎದುರಾಳಿಯ ಜೊತೆ ಪಂದ್ಯ ಆಡುವುದಕ್ಕಲ್ಲ, ಪುಂಡರು ಮೇಲೆ ಬಿದ್ದಾಗ ಗಾಯವಾಗದಂತೆ ಪಾರಾಗುವುದಕ್ಕೆ ಎಂದು ಅದರ ಆರಂಭದಲ್ಲೇ ಇದೆ. ಮುಂದಿನ ಅಂಶದಲ್ಲಿ, ಮಕ್ಕಳಿಗೆ ಇದನ್ನು ಕಲಿಸಿದರೆ ನಾಳೆ ಸೈನ್ಯಕ್ಕೆ ಒದಗುತ್ತಾರೆ ಎಂಬ ಮಾತು. ಶಾಲೆಯ ಅಂಗಳದಲ್ಲಿ ಗೆದ್ದದ್ದು ಈ ಎರಡನೆಯದು. ಮಕ್ಕಳಿಗಾಗಿಯೇ ಐದು ಸರಳ 'ಕಾತಾ'ಗಳನ್ನು, ಅಂದರೆ ಚಲನೆಗಳ ಸರಣಿಗಳನ್ನು, ಜೋಡಿಸಲಾಯಿತು. ಕವಾಯತು ಉಳಿಯಿತು, ಜೊತೆಗಾರನ ಮೈ ಹಿಡಿದು ಕಲಿಯುವುದು ಹಿಂದಕ್ಕೆ ಸರಿಯಿತು.

1922ರಲ್ಲಿ ಇತೊಸು ಶಿಷ್ಯ ಫುನಾಕೋಶಿ ಗಿಚಿನ್ ಟೋಕಿಯೊದಲ್ಲಿ ಪ್ರದರ್ಶನ ಕೊಟ್ಟರು. ಜೂಡೊ ಸ್ಥಾಪಕ ಕಾನೊ ಜಿಗೊರೊ ಅವರ ಪದ್ಧತಿಯಿಂದ ಸಮವಸ್ತ್ರ, ಶ್ರೇಣಿಗಳು, ಬೆಲ್ಟು ಬಂದವು. 1936ರಲ್ಲಿ ಓಕಿನಾವಾದ ಗುರುಗಳು ಸಭೆ ಸೇರಿ ಹೆಸರನ್ನೂ ತಿದ್ದಿದರು. 'ಚೀನಾದ ಕೈ' ಎಂದು ಬರೆಯುತ್ತಿದ್ದ ಕರಾಟೆ 'ಬರಿಗೈ' ಆಯಿತು.

ಆ ಬರಿಗೈಯನ್ನು ಹತ್ತಿರದಿಂದ ನೋಡಬೇಕು. ಒಂದು ಮುಷ್ಟಿ ಗುದ್ದುವಾಗ ಇನ್ನೊಂದನ್ನು ಸೊಂಟಕ್ಕೆ ಎಳೆದುಕೊಳ್ಳುವುದನ್ನು ಯಾವ ತರಗತಿಯಲ್ಲಾದರೂ ಕಾಣಬಹುದು, ಹೆಸರು 'ಹಿಕಿತೆ'. ಏಕೆ ಎಂದು ಕೇಳಿದರೆ "ಪವರ್ ಬರುತ್ತದೆ" ಎನ್ನುತ್ತಾರೆ. ಆದರೆ ಬಾಕ್ಸರ್ ಯಾರೂ ಹಾಗೆ ಕೈ ಇಳಿಸುವುದಿಲ್ಲ. ಇಳಿಸಿದರೆ ದವಡೆ ಬಯಲಾಗುತ್ತದೆ. ಎದುರಾಳಿಯ ಕೈಯನ್ನು ಹಿಡಿದು ತನ್ನತ್ತ ಎಳೆಯುವುದೇ ಇದರ ಅರ್ಥ ಎಂದು ಫುನಾಕೋಶಿಯೇ ವಿವರಿಸಿದ್ದಾರೆ. ಹಿಡಿದು ತರಬೇಕಾದ ಕೈ ಇಂದು ದಿನವೂ ಖಾಲಿಯಾಗಿ ಮರಳುತ್ತಿದೆ. ಪ್ಯಾಟ್ರಿಕ್ ಮೆಕಾರ್ತಿ, ಇಯಾನ್ ಅಬರ್ನೆಥಿಯಂಥ ಕರಾಟೆ ಶಿಕ್ಷಕರು ಕೆಲವು ದಶಕಗಳಿಂದ ಮಾಡುತ್ತಿರುವುದು ಇದನ್ನೇ: ಬೀದಿಯಲ್ಲಿ ನಿಜಕ್ಕೂ ನಡೆಯುವ ಹಿಡಿತ, ನೂಕು, ಕೊರಳಪಟ್ಟಿ ಎಳೆದಾಟಗಳನ್ನು ಮುಂದಿಟ್ಟುಕೊಂಡು ಕಾತಾಗಳನ್ನು ಮತ್ತೆ ಓದುವುದು, ಮಣಿಯದ ಜೊತೆಗಾರನ ಮೇಲೆ ಪರೀಕ್ಷಿಸುವುದು.

ನಮ್ಮ ಕಡೆಯ ಗರಡಿಮನೆಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಟ್ಟು ಕಲಿತವನು ಬಗ್ಗದ ಜೋಡಿಯ ಮೇಲೆ ಅದನ್ನು ಹಾಕಿ ತೋರಿಸಬೇಕು, ಇಲ್ಲವೆಂದರೆ ಮಣ್ಣು ತಿನ್ನಬೇಕು. ತೋರಣಗಲ್ಲಿನ ಪಕ್ಕದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಜೂಡೊ, ಕುಸ್ತಿ ಕಲಿಯುವವರ ಪಾಡೂ ಅದೇ. ಕರಾಟೆ ಮಾತ್ರ ಬೇರೆ ದಾರಿ ಹಿಡಿಯಿತು: 1957ರಲ್ಲಿ ಜಪಾನಿನ ಸಂಘವೊಂದರ ರಾಷ್ಟ್ರೀಯ ಪಂದ್ಯಾವಳಿ, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್. ಪ್ಯಾರಿಸ್‌ನಲ್ಲಿ ಅದೂ ತಪ್ಪಿತು.

ನಮ್ಮಲ್ಲಿ ಈ ವಿದ್ಯೆಯ ಹುಚ್ಚು ಹತ್ತಿಸಿದವರು ಬ್ರೂಸ್ ಲೀ. ಅವರು ಕಲಿತದ್ದು ಕುಂಗ್‌ಫೂ ಎಂಬುದು ಬೇರೆ ಮಾತು. ಆಮೇಲೆ ವೇದಿಕೆಯ ಮೇಲೆ ಹೆಂಚು ಒಡೆಯುವುದು, ಅಂಗೈ ಮೇಲೆ ಬೈಕ್ ಹತ್ತಿಸುವುದು ಬಂತು. ಹೆಂಚುಗಳ ನಡುವೆ ಪೆನ್ಸಿಲ್ಲಿನಷ್ಟು ಸಂದು ಬಿಟ್ಟಿರುತ್ತಾರೆ, ಒಡೆದ ಹೆಂಚೇ ಕೆಳಗಿನದನ್ನು ಒಡೆಯುತ್ತ ಹೋಗುತ್ತದೆ. ಚಪ್ಪಾಳೆಗೆ ಅಡ್ಡಿಯಿಲ್ಲ. ಹೆಂಚು ತಿರುಗಿ ಹೊಡೆಯುವುದಿಲ್ಲ, ಅಷ್ಟೇ.

2012ರ ಡಿಸೆಂಬರಿನ ದೆಹಲಿಯ ಘಟನೆಯ ನಂತರ ಹೆಣ್ಣುಮಕ್ಕಳ ಆತ್ಮರಕ್ಷಣೆ ಎಲ್ಲ ಸರ್ಕಾರಗಳ ಬಾಯಲ್ಲೂ ಬಂತು. ಕೇಂದ್ರದ 'ಸಮಗ್ರ ಶಿಕ್ಷಣ' ಯೋಜನೆಯಡಿ 6ರಿಂದ 12ನೇ ತರಗತಿಯವರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಮೂರು ತಿಂಗಳ ತರಬೇತಿ ಇದೆ. ಶಾಲೆಯೊಂದಕ್ಕೆ ತಿಂಗಳಿಗೆ 5,000 ರೂಪಾಯಿ. ರಾಜ್ಯದ ವಸತಿನಿಲಯಗಳಿಗೆ ಓಬವ್ವನ ಹೆಸರಿನ ಯೋಜನೆ. ನೆರೆಯ ಚಿತ್ರದುರ್ಗದ ಆ ಹೆಣ್ಣುಮಗಳು ಮಾಡಿದ್ದೇನು? ಒಬ್ಬೊಬ್ಬರೇ ತೂರಬೇಕಾದ ಕಿಂಡಿಯ ಪಕ್ಕ ನಿಂತಳು, ಕೈಗೆ ಸಿಕ್ಕ ಒನಕೆ ಎತ್ತಿದಳು, ತಲೆ ಹೊರಬಂದಾಗ ಹೊಡೆದಳು. ಜಾಗ, ಆಯುಧ, ಹೊತ್ತು ಮೂರನ್ನೂ ತನ್ನದಾಗಿಸಿಕೊಂಡಳು. ಹೆಸರಿನ ಜೊತೆ ಈ ಲೆಕ್ಕಾಚಾರವೂ ಪಾಠಕ್ಕೆ ಬರಬೇಕಿತ್ತು.

ಅಕ್ಕನ ಮಗಳನ್ನು ಕೇಳಿದೆ: "ಹಿಡಿದುಕೊಂಡವನು ಗೊತ್ತಿರುವವನೇ ಆಗಿದ್ದರೆ?" ಅವಳು ಯೋಚಿಸಿ, "ಕ್ಲಾಸಿನಲ್ಲಿ ಬರುವವನು ಯಾವಾಗಲೂ ಕಳ್ಳನೇ" ಎಂದಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2021ರ ಅಂಕಿಗಳಲ್ಲಿ ಅತ್ಯಾಚಾರ ಪ್ರಕರಣಗಳ ಪೈಕಿ ನೂರಕ್ಕೆ 96ರಲ್ಲಿ ಆರೋಪಿ ಪರಿಚಿತ. ನೆಂಟ, ನೆರೆಯವ, ಸ್ನೇಹಿತ. ಅಂಥವನ ಎದುರು ಗುದ್ದು ಏಳುವುದಿರಲಿ, ದನಿಯೇ ಏಳುವುದು ಕಷ್ಟ. ಸ್ಟಾಕ್‌ಹೋಮ್‌ನ ಚಿಕಿತ್ಸಾಲಯವೊಂದಕ್ಕೆ ಬಂದ 298 ಅತ್ಯಾಚಾರ ಸಂತ್ರಸ್ತೆಯರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ದಾಳಿಯ ಹೊತ್ತಿನಲ್ಲಿ ಮೈ ಮರಗಟ್ಟಿಹೋಗಿತ್ತು ಎಂದವರು ಶೇ 70. "ಏಕೆ ಎದುರಿಸಲಿಲ್ಲ?" ಎಂದು ಕೇಳುವವರು ಈ ಸಂಖ್ಯೆಯನ್ನು ನೆನಪಿಡಲಿ.

ಹಾಗಾದರೆ ತರಬೇತಿಯೇ ವ್ಯರ್ಥವೇ? ಅಲ್ಲ. ಮನಶ್ಶಾಸ್ತ್ರಜ್ಞೆ ಷಾರ್ಲೀನ್ ಸೆನ್ ಮತ್ತು ಸಂಗಡಿಗರು ಕೆನಡಾದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಕರಪತ್ರ, ಇನ್ನೊಂದಕ್ಕೆ 12 ಗಂಟೆಗಳ ಪಾಠ. ವರ್ಷ ಕಳೆದಾಗ ಅತ್ಯಾಚಾರಕ್ಕೆ ಒಳಗಾದವರು ಮೊದಲ ಗುಂಪಿನಲ್ಲಿ ಶೇ 9.8, ಎರಡನೆಯದರಲ್ಲಿ ಶೇ 5.2. ಆ 12 ಗಂಟೆಯಲ್ಲಿ ಮೈಕೈ ಬಳಸುವುದು ಒಂದು ಭಾಗ ಮಾತ್ರ. ಪರಿಚಿತನ ನಡತೆಯಲ್ಲಿ ಅಪಾಯ ಗುರುತಿಸುವುದು, ಅವನ ಮನಸ್ಸು ನೋಯೀತೆಂಬ ಅಳುಕನ್ನು ದಾಟುವುದು, ಬೇಡ ಎಂದು ಗಟ್ಟಿಯಾಗಿ ಹೇಳುವುದು ಉಳಿದದ್ದು. ದೊಡ್ಡವರ ಎದುರು ದನಿ ಏರಿಸಬಾರದೆಂದು ಬೆಳೆಸಿದ ನಮ್ಮ ಮನೆಗಳಲ್ಲಿ ಈ ಕೊನೆಯದೇ ಎಲ್ಲಕ್ಕಿಂತ ಕಠಿಣ ವರಸೆ.

ಕಾನೂನಿನ ಮಾತನ್ನೂ ಹೇಳಬೇಕು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಕೂಡದೆಂಬ ಮಿತಿಯೊಂದಿಗೆ.

ಮುಂದಿನ ಭಾನುವಾರ ಅವಳೇ ಬಂದು "ಈ ಸಲ ಬಿಡಬೇಡಿ" ಎಂದಳು. ಹಿಂದಕ್ಕೆ ಎಳೆಯುವ ಬದಲು ಒಂದು ಹೆಜ್ಜೆ ನನ್ನತ್ತಲೇ ಇಟ್ಟು, ಮೊಣಕೈಯನ್ನು ಮುಂದಕ್ಕೆ ತಂದು, ಮುಂಗೈಯ ತೆಳು ಅಂಚನ್ನು ನನ್ನ ಹೆಬ್ಬೆರಳಿನ ಸಂದಿಗೆ ತಿರುಗಿಸಬೇಕು, ಜೊತೆಗೆ "ಬಿಡು!" ಎಂದು ಕಿರುಚಬೇಕು. ಮೊದಲ ಸಲ "ಬಿಡಿ" ಎಂದಳು, ಮಾಮನಲ್ಲವೇ. ಐದು ಸಲದಲ್ಲಿ ಎರಡು ಸಲ ಕೈ ಬಿಡಿಸಿಕೊಂಡಳು.