ಸ್ವಿಚ್ ಹಾಕಿ ನೋಡುವುದು ಪರೀಕ್ಷೆಯಲ್ಲ

ಹಳೆಯ ಕಂಪ್ಯೂಟರುಗಳನ್ನು ದುರಸ್ತಿಗೆ ತರುವವರ ಬಾಯಿಂದ ನಾನು ಪದೇ ಪದೇ ಕೇಳುವ ಮಾತೊಂದಿದೆ: "ಒಮ್ಮೆ ಸ್ವಿಚ್ ಹಾಕಿ ನೋಡಿದ್ದು ಮಾತ್ರ ಮಾರಾಯ್ರೆ, ಮತ್ತೆ ಏನೂ ಮಾಡ್ಲಿಲ್ಲ." ಬೇರೇನೂ ಮಾಡದೆ ತಂದಿದ್ದಕ್ಕೆ ನಾನು ಮೆಚ್ಚಿಕೊಳ್ಳಬೇಕು ಎಂಬ ನಿರೀಕ್ಷೆ ಅದರಲ್ಲಿರುತ್ತದೆ. ಆದರೆ ಇಪ್ಪತ್ತು ಮೂವತ್ತು ವರ್ಷ ಅಟ್ಟದಲ್ಲಿದ್ದ ಯಂತ್ರ ಕೆಡುವುದು ಬಹಳ ಸಲ ಆ ಒಂದು ಸ್ವಿಚ್ಚಿನಲ್ಲಿಯೇ.

"ಪರೀಕ್ಷಿಸಿಲ್ಲ, ಇದ್ದ ಸ್ಥಿತಿಯಲ್ಲಿ ಮಾರಾಟಕ್ಕಿದೆ" ಎಂದು ಬರೆದು ಮಾರುವ ಯಂತ್ರಗಳಿಗೆ ಈಗ ಕೇಳುವ ಬೆಲೆ ನೋಡಿದರೆ ತಲೆ ತಿರುಗುತ್ತದೆ. ಬೆಲೆ ಏರಲು ಕಾರಣಗಳಂತೂ ಇವೆ. ಎಂಬತ್ತರ ದಶಕದ ಮನೆಬಳಕೆಯ ಕಂಪ್ಯೂಟರ್ ಕಾಮೊಡೋರ್ 64ರ ತಯಾರಿಕೆ 1994ರಲ್ಲಿ ನಿಂತುಹೋಯಿತು. ಅದರ ಮೂಲ ಧ್ವನಿ ಚಿಪ್ಪೇ ಬೇಕೆಂದರೆ ಇನ್ನೊಂದು ಯಂತ್ರದಿಂದ ಕಿತ್ತು ತರಬೇಕು. 1995ರ ಪೆಂಟಿಯಮ್ ಪ್ರೊ ಪ್ರೊಸೆಸರುಗಳನ್ನು ಅದರಲ್ಲಿರುವ ಚಿನ್ನಕ್ಕಾಗಿಯೇ ಕೊಂಡು ಕರಗಿಸುವವರಿದ್ದಾರೆ. ಬಾಲ್ಯದಲ್ಲಿ ನೆರೆಮನೆಯ ಕಂಪ್ಯೂಟರನ್ನು ಕಿಟಕಿಯಿಂದ ನೋಡಿದವರ ಕೈಯಲ್ಲಿ ಈಗ ಒಳ್ಳೆಯ ಸಂಬಳವಿದೆ. ಇವೆಲ್ಲದರ ಮೇಲೆ ಹರಾಜಿನ ಸುದ್ದಿಗಳು: 1976ರಲ್ಲಿ 666.66 ಡಾಲರಿಗೆ ಮಾರಾಟವಾಗುತ್ತಿದ್ದ ಆ್ಯಪಲ್-1 ಯಂತ್ರವೊಂದು 2014ರಲ್ಲಿ 9,05,000 ಡಾಲರಿಗೆ ಹೋಯಿತು. ಇದನ್ನು ಓದಿದವರಿಗೆ ತಮ್ಮ ಅಟ್ಟದ ಪೆಂಟಿಯಮ್ಮಿನಲ್ಲಿಯೂ ನಿಧಿ ಕಾಣತೊಡಗುತ್ತದೆ.

ಬೆಲೆ ಏರಿದ್ದಕ್ಕೆ ನನ್ನ ತಕರಾರಿಲ್ಲ. ಪರೀಕ್ಷಿಸದ ಯಂತ್ರದ ಬೆಲೆ ಕೆಲಸ ಮಾಡುವ ಯಂತ್ರದ ಬೆಲೆಗೆ ಸಮೀಪಿಸುತ್ತಿದೆಯಲ್ಲ, ಅದಕ್ಕೆ ತಕರಾರಿದೆ. ಕೆಲಸ ಮಾಡುವ ಯಂತ್ರಕ್ಕೆ 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದೇ ಮಾದರಿಯನ್ನು ಪರೀಕ್ಷಿಸದೆ 15,000 ರೂಪಾಯಿಗೆ ಕೊಂಡವರು 5,000 ಉಳಿಸಿದೆವೆಂದು ಲೆಕ್ಕ ಹಾಕುತ್ತಾರೆ. ಆ ಹಣ ಬಿಡಿಭಾಗಗಳಿಗೂ ದುರಸ್ತಿಯ ಮಜೂರಿಗೂ ಸಾಲುವುದು ಅಪರೂಪ. ಮಾರುವವನ ಕೈಯಲ್ಲಿ ಯಂತ್ರವೂ ಇದೆ, ಪ್ಲಗ್ಗೂ ಇದೆ. ಆದರೂ ಹಾಕಿ ನೋಡಲಿಲ್ಲವೆಂದರೆ ಒಂದೋ ಅವನು ನಿಜಕ್ಕೂ ಜಾಗ್ರತೆಯವನು, ಇಲ್ಲವೇ ಹಾಕಿ ನೋಡಿಯಾಗಿದೆ. ಯಾರ ಮೇಲೂ ಆರೋಪ ಹೊರಿಸುವುದು ನನ್ನ ಉದ್ದೇಶವಲ್ಲ, ಆದರೆ ಬೆಲೆ ಕಟ್ಟುವಾಗ ಎರಡನೆಯದನ್ನೇ ಅಂದಾಜಿಸಿಕೊಳ್ಳುವುದು ಕ್ಷೇಮ.

ಇನ್ನು ಸ್ವಿಚ್ಚಿನ ವಿಷಯ. ಕಾಮೊಡೋರ್ 64ರ ಅಡಾಪ್ಟರನ್ನೇ ತೆಗೆದುಕೊಳ್ಳಿ. ಒಳಗೆಲ್ಲ ಎಪಾಕ್ಸಿ ತುಂಬಿಸಿ ಬಿಗಿಮಾಡಿದ ಆ ಕಪ್ಪು ಇಟ್ಟಿಗೆ ಒಂದು ದಾರಿಯಲ್ಲಿ 9 ವೋಲ್ಟ್ ಎಸಿ, ಇನ್ನೊಂದರಲ್ಲಿ 5 ವೋಲ್ಟ್ ಡಿಸಿ ಕೊಡಬೇಕು. ವೋಲ್ಟನ್ನು ಹದದಲ್ಲಿಡುವ ಒಳಗಿನ ರೆಗ್ಯುಲೇಟರ್ ಹಾಳಾದಾಗ ಆ ಐದು ವೋಲ್ಟ್ ಕಡಿಮೆಯಾಗುವುದಕ್ಕಿಂತ ಹೆಚ್ಚಾಗುವುದೇ ಅಪಾಯಕಾರಿ, ಏಕೆಂದರೆ ಯಂತ್ರದ ಚಿಪ್ಪುಗಳು ಸಾಮಾನ್ಯವಾಗಿ 4.75ರಿಂದ 5.25 ವೋಲ್ಟಿನ ಒಳಗೆ ಕೆಲಸ ಮಾಡುವುದಕ್ಕಾಗಿ ಮಾಡಿದವು. ಹೆಚ್ಚಾದ ವೋಲ್ಟ್ ಮೊದಲು ತಿನ್ನುವುದು ಮೆಮರಿ ಚಿಪ್ಪುಗಳನ್ನು. ವಿಪರ್ಯಾಸವೆಂದರೆ ಆಗಲೂ ಮುಂಭಾಗದ ಕೆಂಪು ಲೈಟು ಉರಿಯುತ್ತದೆ, ಇನ್ನೂ ಪ್ರಕಾಶವಾಗಿಯೇ ಉರಿಯುತ್ತದೆ. "ಲೈಟ್ ಬಂತಲ್ಲ, ಸ್ಕ್ರೀನ್ ಮಾತ್ರ ಕಪ್ಪು" ಎಂದು ಗ್ರಾಹಕರು ಆಶೆಯಿಂದ ಹೇಳುವಾಗ ಏನು ಉತ್ತರಿಸಬೇಕೆಂದು ತೋಚುವುದಿಲ್ಲ. ಪಿಸಿಗಳಲ್ಲಿಯೂ ಹೀಗೆಯೇ: ಫ್ಯಾನ್ ತಿರುಗುವುದು 12 ವೋಲ್ಟಿನಿಂದ, ಅದು ತಿರುಗಿದ ಮಾತ್ರಕ್ಕೆ 5 ವೋಲ್ಟಿನ ದಾರಿ ಸರಿಯಿದೆ ಎಂದಾಗುವುದಿಲ್ಲ.

ಮತ್ತೊಮ್ಮೆ ಹೇಳುತ್ತೇನೆ, ಇದನ್ನೇ ಜನ ಕೇಳಿಸಿಕೊಳ್ಳುವುದಿಲ್ಲ. ಪವರ್ ಸಪ್ಲೈಯನ್ನು ಮದರ್‌ಬೋರ್ಡಿನಿಂದ ಬೇರ್ಪಡಿಸಿ, ಅದಕ್ಕೆ ತಕ್ಕ ಲೋಡ್, ಅಂದರೆ ಬೋರ್ಡಿನ ಬದಲು ಕರೆಂಟ್ ಎಳೆಯುವಂಥದ್ದನ್ನು ಕೊಟ್ಟು, ಪ್ರತಿ ದಾರಿಯ ವೋಲ್ಟನ್ನು ಮಲ್ಟಿಮೀಟರಿನಲ್ಲಿ ಅಳೆದ ಬಳಿಕವೇ ಬೋರ್ಡಿಗೆ ಜೋಡಿಸಬೇಕು. ಟಿವಿ ರಿಪೇರಿಯವರು ಕರೆಂಟಿನ ದಾರಿಯ ನಡುವೆ ಜೋಡಿಸುವ ಸೀರೀಸ್ ಬಲ್ಬ್ ಸಾಲದೇ ಎಂದು ಕೆಲವರು ಕೇಳುತ್ತಾರೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿದು ಕರೆಂಟನ್ನು ತಡೆಯುತ್ತದೆ, ಅದು ಉಪಕಾರವೇ. ಆದರೆ ಆಚೆ ಕಡೆ 5ರ ಬದಲು 7 ವೋಲ್ಟ್ ಬರುತ್ತಿದೆಯೇ ಎಂಬುದನ್ನು ಅದು ತಿಳಿಸದು. ಹಾಗೆಯೇ ಬಿಬಿಸಿ ಮೈಕ್ರೊ. 1984ರ ಶಾಲಾ ಕಂಪ್ಯೂಟರ್ ಯೋಜನೆಯಾದ ‘ಕ್ಲಾಸ್’ನ ಮೂಲಕ ನಮ್ಮ ದೇಶದ ಶಾಲೆಗಳಿಗೆ ಬಂದ ಈ ಯಂತ್ರಗಳ ಪವರ್ ಸಪ್ಲೈಯಲ್ಲಿ ಕಾಗದದ ಪದರಗಳ ಕೆಪಾಸಿಟರ್ ಇರುತ್ತದೆ. ವಯಸ್ಸಾದಂತೆ ಅದರ ಹೊರಕವಚ ಬಿರಿದು ತೇವ ಹೀರಿಕೊಳ್ಳುತ್ತದೆ, ಕರೆಂಟ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ದಟ್ಟ ಹೊಗೆಯೊಂದಿಗೆ ಸಿಡಿಯಬಹುದು. ಅಷ್ಟರಿಂದ ಬೋರ್ಡ್ ಹಾಳಾಗುವುದು ಕಡಿಮೆ, ಆದರೂ ಮಕ್ಕಳ ಎದುರು ಪ್ರದರ್ಶಿಸುವ ಸಂಗತಿಯಲ್ಲ.

ತೇವದ ಮಾತು ಬಂದಾಗ ಕರಾವಳಿಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆಟಿಯ ಮಳೆಗಾಲದಲ್ಲಿ ಬೀರುವಿನೊಳಗಿನ ಚರ್ಮದ ಚಪ್ಪಲಿಗೆ ಬರುವ ಬೂಷ್ಟು ಫ್ಲಾಪಿಗೂ ಬರುತ್ತದೆ. ಅಂಥ ಫ್ಲಾಪಿಯನ್ನು ಡ್ರೈವಿಗೆ ತುರುಕಿದರೆ ಹೆಡ್ ಕೊಳೆಯಾಗಿ ಅನಂತರ ಹಾಕುವ ಒಳ್ಳೆಯ ಫ್ಲಾಪಿಯೂ ಗೀರುತ್ತದೆ. ನಮ್ಮ ಕಡೆಯದೇ ಇನ್ನೊಂದು ತೊಡಕು ಗಲ್ಫಿನಿಂದ ಬಂದ ಯಂತ್ರಗಳದ್ದು. ಸೌದಿಯ ಬಹಳಷ್ಟು ಮನೆಗಳಲ್ಲಿ ಆಗ 127 ವೋಲ್ಟಿನ ಕರೆಂಟ್ ಇತ್ತು. ಊರಿಗೆ ತಂದವರು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಿದರು. ಈಗ ಯಂತ್ರ ಮಾತ್ರ ಮಾರಾಟಕ್ಕೆ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಗುಜರಿಗೆ ಹೋಗಿಯಾಗಿದೆ. ಹಿಂಭಾಗದ ಪಟ್ಟಿಯಲ್ಲಿ ಬರೆದ ವೋಲ್ಟ್ ಓದದೆ ನಮ್ಮ 230ಕ್ಕೆ ಜೋಡಿಸಿದವರ ಬಗ್ಗೆ ವಿವರಿಸುವುದು ಬೇಡ.

ಉಡುಪಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರನ್ನು ಇಲ್ಲಿ ನೆನೆಯಬೇಕು. ತಮ್ಮ ಶಾಖೆಗೆ ಮೊದಲು ಬಂದ ಕಂಪ್ಯೂಟರಿನಂಥದ್ದೇ 286 ಪ್ರೊಸೆಸರಿನ ಒಂದು ಹಳೆಯ ಪಿಸಿ ಬಂದರಿನ ಗುಜರಿ ಅಂಗಡಿಯಲ್ಲಿ ಕಣ್ಣಿಗೆ ಬಿತ್ತೆಂದು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದರು. "ನೀವು ಹೇಳದೆ ಪ್ಲಗ್ ಮುಟ್ಟುವ ಪ್ರಶ್ನೆಯೇ ಇಲ್ಲ" ಎಂದರು. ಪ್ರತಿ ನಮೂದನ್ನೂ ತಾಳೆ ನೋಡಿಯೇ ಸಹಿ ಹಾಕಿದ ಕೈಗಳು, ಬೇರೆ ಹೇಗೆ ಇದ್ದೀತು? ಬಿಚ್ಚಿ ನೋಡಿದರೆ ಮದರ್‌ಬೋರ್ಡಿನ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿ ಸೋರಿ, ಕೀಬೋರ್ಡ್ ಸಾಕೆಟಿನ ಸುತ್ತ ತಾಮ್ರದ ಟ್ರ್ಯಾಕುಗಳು ಹಸಿರುಗಟ್ಟಿದ್ದವು. ಸೋರಿದ್ದು ಕ್ಷಾರವಾದ್ದರಿಂದ ಬಿಳಿ ವಿನೆಗರಿನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ತುಂಡಾದ ಟ್ರ್ಯಾಕುಗಳಿಗೆ ಸಣ್ಣ ತಂತಿಗಳ ಸೇತುವೆ ಕಟ್ಟಿದ ಮೇಲೆ ಬೋರ್ಡ್ ಬದುಕಿತು. ಹಾರ್ಡ್ ಡಿಸ್ಕ್ ಬದುಕಲಿಲ್ಲ. ಎಲ್ಲ ಬೋರ್ಡುಗಳೂ ಹೀಗೆ ಉಳಿಯುತ್ತವೆ ಎಂದು ನಾನು ಭರವಸೆ ಕೊಡಲಾರೆ. ಸೋರಿಕೆ ಬೋರ್ಡಿನ ಒಳಪದರಕ್ಕೆ ಇಳಿದಿದ್ದರೆ ಕೈಚೆಲ್ಲಬೇಕಾಗುತ್ತದೆ.

ಹಾಗಾಗಿ ಕೊಳ್ಳುವ ಮೊದಲು ಮಾರುವವರಿಂದ ಎರಡು ಫೋಟೊ ಕೇಳಿ: ಹಿಂಭಾಗದ ವೋಲ್ಟ್ ಪಟ್ಟಿಯದ್ದೊಂದು, ಮುಚ್ಚಳ ತೆಗೆದ ಮೇಲೆ ಬ್ಯಾಟರಿಯ ಸುತ್ತಲಿನ ಬೋರ್ಡಿನದ್ದೊಂದು. ಕೊಡಲು ಹಿಂಜರಿದರೆ ಬಿಡಿಭಾಗಗಳ ಬೆಲೆಗಿಂತ ಹೆಚ್ಚು ಕೊಡಬೇಡಿ. ಮಾನಿಟರ್ ಸೇರಿಕೊಂಡಿರುವ ಯಂತ್ರವಾದರೆ ಮುಚ್ಚಳ ತೆಗೆಯಲು ನೀವೂ ಹೋಗಬೇಡಿ, ಮಾರುವವರಿಗೂ ಹೇಳಬೇಡಿ. ಪಿಕ್ಚರ್ ಟ್ಯೂಬಿನಲ್ಲಿ ಪ್ಲಗ್ ತೆಗೆದ ಮೇಲೆಯೂ ಸಾವಿರಾರು ವೋಲ್ಟ್ ಉಳಿದಿರಬಹುದು. ಅದನ್ನು ಹಾಗೆಯೇ ತನ್ನಿ, ಬರುವಾಗ ಪವರ್ ಕಾರ್ಡನ್ನು ಮನೆಯಲ್ಲೇ ಬಿಟ್ಟು ಬಂದರೂ ತೊಂದರೆಯಿಲ್ಲ, ನನ್ನಲ್ಲಿ ಇದೆ.